ಎಲೆ ಬಾಡುವ ಹೊತ್ತು

ಬಿಳಿ, ಹಸಿರು, ಹಳದಿ, ಊಲಾಂಗ್, ಕಪ್ಪು, ಪು-ಅರ್. ಅಂಗಡಿಯ ಕಪಾಟಿನಲ್ಲಿ ಆರು ಹೆಸರು, ತೋಟದಲ್ಲಿ ಒಂದೇ ಗಿಡ! ಕೊಯ್ದ ಮೇಲಿನ ಕೆಲವು ಗಂಟೆಗಳಲ್ಲಿ ಎಲೆಯನ್ನು ಹೇಗೆ ನಡೆಸಿಕೊಂಡರು ಎಂಬುದರ ಮೇಲೆ ಲೋಟದ ರುಚಿ ನಿಂತಿದೆ. ಮೇ 21ರ ಅಂತರರಾಷ್ಟ್ರೀಯ ಚಹಾ ದಿನದ ನೆಪದಲ್ಲಿ, ಕಾರ್ಖಾನೆಯಿಂದ ಅಡುಗೆಮನೆಯವರೆಗೆ ಚಹಾ ಎಲೆಯ ಪಯಣ.

ಕೂನೂರಿನ ಇಳಿಜಾರುಗಳಲ್ಲಿ ಸಂಜೆ ಐದಾಗಿದೆ. ಎಲೆ ಕೊಯ್ಯುವ ಹೆಂಗಸರು ಬೆನ್ನಿನ ಚೀಲ ಇಳಿಸಿ, ತೂಕ ಬರೆಸಿ, ಮಂಜು ಮುಸುಕುವ ಮೊದಲೇ ಮನೆಯ ದಾರಿ ಹಿಡಿದಿದ್ದಾರೆ. ತೋಟ ಬರಿದಾಗಿದೆ. ಕಾರ್ಖಾನೆಯಲ್ಲಿ ಮಾತ್ರ ಈಗ ಕೆಲಸ ಶುರು.

ಮೇಲಂತಸ್ತಿನಲ್ಲಿ ಉದ್ದುದ್ದ ತೊಟ್ಟಿಗಳು. ಪ್ರತಿ ತೊಟ್ಟಿಗೂ ತಂತಿ ಬಲೆಯ ಹಾಸು, ಬಲೆಯ ಮೇಲೆ ಗೇಣುದ್ದ ದಪ್ಪಕ್ಕೆ ಹರಡಿದ ಹಸಿರೆಲೆ, ಕೆಳಗಿನಿಂದ ಬೀಸುವ ಫ್ಯಾನಿನ ಗಾಳಿ. ಹೊತ್ತು ಹೋದಂತೆ ಅಲ್ಲಿನ ವಾಸನೆ ಬದಲಾಗುತ್ತದೆ. ಮೊದಲು ಆಗಷ್ಟೇ ಕೊಯ್ದ ಹುಲ್ಲಿನದು. ನಡುರಾತ್ರಿ ದಾಟಿದ ಮೇಲೆ ಹಣ್ಣಿನದು, ಹೂವಿನದು. ಪಾಳಿಯ ಮೇಲ್ವಿಚಾರಕ ಆಗಾಗ ಬಂದು ಒಂದು ಹಿಡಿ ಎಲೆ ಎತ್ತಿ, ಮುಷ್ಟಿಯಲ್ಲಿ ಅದುಮಿ, ಬೆರಳು ಬಿಚ್ಚುತ್ತಾನೆ. ಉಂಡೆ ತಟ್ಟನೆ ಅರಳಿದರೆ ಎಲೆ ಇನ್ನೂ ಬಿರುಸು. ನಿಧಾನಕ್ಕೆ ಸಡಿಲವಾಗಿ, ದಂಟು ಬಾಗಿಯೂ ಮುರಿಯದಿದ್ದರೆ ಹದ ಬಂದಿದೆ.

ಈ ಹದ ತಪ್ಪಿದರೆ ಮುಂದಿನ ಯಾವ ಯಂತ್ರವೂ ಅದನ್ನು ಸರಿಪಡಿಸಲಾರದು.

ಹುಬ್ಬಳ್ಳಿಯ ಖಡಕ್ ಚಹಾ, ಬೆಂಗಳೂರಿನ ಬೈ-ಟು ಟೀ, ಕರಾವಳಿಯ ಕಣ್ಣು ಚಾ: ಕನ್ನಡಿಗರ ದಿನ ಆರಂಭವಾಗುವ ಈ ಲೋಟಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಪುಡಿ ಬೀಳುತ್ತದೆ. ಆ ಪುಡಿ ಚಹಾ ಎಲೆ ಹಿಡಿಯಬಹುದಾದ ಹಲವು ದಾರಿಗಳಲ್ಲಿ ಒಂದರ ಕೊನೆ ಮಾತ್ರ. ಉಳಿದ ದಾರಿಗಳ ಚಹಾಗಳೂ ಈಗ ನಮ್ಮ ಅಂಗಡಿಗಳಿಗೆ ಬಂದಿವೆ. ಆದರೆ ಅವನ್ನೂ ಹಾಲಿನಲ್ಲಿ ಗಳಗಳ ಕುದಿಸಿ, ಕಹಿ ಎಂದು ಬದಿಗಿಡುವವರೇ ಹೆಚ್ಚು. ಎಲೆ ತಯಾರಾದ ಬಗೆ ಗೊತ್ತಿದ್ದರೆ ಅದನ್ನು ಕುದಿಸಬೇಕೋ ನೆನೆಸಬೇಕೋ ಎಂಬುದು ತಾನಾಗಿ ತಿಳಿಯುತ್ತದೆ.

ಹೆಚ್ಚಿಟ್ಟ ಬದನೆಕಾಯಿಯ ಪಾಠ

ಚಹಾ ಗಿಡದ ಸಸ್ಯಶಾಸ್ತ್ರೀಯ ಹೆಸರು ಕ್ಯಮೆಲಿಯಾ ಸೈನೆನ್ಸಿಸ್. ಇದರಲ್ಲಿ ಎರಡು ಮುಖ್ಯ ತಳಿ. ಸಣ್ಣೆಲೆಯ, ಚಳಿ ತಾಳುವ ಚೀನಾ ತಳಿ ಒಂದು. ಅಗಲ ಎಲೆಯ, ಬಿಸಿ ಮತ್ತು ಮಳೆ ಬಯಸುವ ಅಸ್ಸಾಂ ತಳಿ ಇನ್ನೊಂದು. ಕವಾತು ಮಾಡದೆ ಬಿಟ್ಟರೆ ಇದು ಮರವಾಗಿಯೇ ಬೆಳೆಯುತ್ತದೆ. ಕೊಯ್ಯುವ ಕೈಗೆ ಎಟುಕಲೆಂದು ಸೊಂಟದ ಎತ್ತರಕ್ಕೆ ಕತ್ತರಿಸಿ ಇಟ್ಟಿರುತ್ತಾರೆ, ಅಷ್ಟೇ.

ಹಸಿರು ಚಹಾ ಮತ್ತು ಕಪ್ಪು ಚಹಾ ಬೇರೆ ಬೇರೆ ಗಿಡಗಳಿಂದ ಬರುತ್ತವೆ ಎಂದು ಯುರೋಪ್ ಬಹುಕಾಲ ನಂಬಿತ್ತು. ಸಸ್ಯಗಳಿಗೆ ಹೆಸರಿಡುವ ಕ್ರಮ ಕೊಟ್ಟ ಲಿನೇಯಸ್ ಕೂಡ ಎರಡಕ್ಕೂ ಎರಡು ಹೆಸರು ಕೊಟ್ಟಿದ್ದ. 19ನೇ ಶತಮಾನದ ನಡುವಿನಲ್ಲಿ ಚೀನಾದ ಒಳನಾಡು ಸುತ್ತಿದ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್, ಗಿಡ ಒಂದೇ, ವ್ಯತ್ಯಾಸವೆಲ್ಲ ತಯಾರಿಕೆಯದು ಎಂದು ತೋರಿಸಿದ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಾವಿರಾರು ಗಿಡ, ಬೀಜಗಳನ್ನೂ, ನುರಿತ ಚೀನೀ ಕೆಲಸಗಾರರನ್ನೂ ಹಿಮಾಲಯದ ತಪ್ಪಲಿಗೆ ಕರೆತಂದವನೂ ಅವನೇ.

ವ್ಯತ್ಯಾಸದ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೆ ಕಂದು ತಿರುಗುತ್ತದೆ. ಕೋಶ ಒಡೆದಾಗ ಒಳಗಿನ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಗಾಳಿಯ ಆಮ್ಲಜನಕ ಸಿಗುವುದೇ ಇದಕ್ಕೆ ಕಾರಣ. ಚಹಾ ಎಲೆಯಲ್ಲೂ ಇದೇ ಕಿಣ್ವ ಇದೆ. ಎಲೆ ಜಜ್ಜಿದಾಗ ಇದು ಕ್ಯಾಟೆಚಿನ್ ಎಂಬ ಒಗರು ಪದಾರ್ಥಗಳನ್ನು ಥಿಯಾಫ್ಲೇವಿನ್ ಮತ್ತು ಥಿಯಾರುಬಿಜಿನ್‌ಗಳಾಗಿ ಬದಲಿಸುತ್ತದೆ. ಮೊದಲನೆಯದರಿಂದ ಚಹಾಕ್ಕೆ ಹೊಳೆಯುವ ಕಿತ್ತಳೆ ಬಣ್ಣ ಮತ್ತು ನಾಲಿಗೆ ಚುರುಕಾಗಿಸುವ ಗುಣ. ಎರಡನೆಯದರಿಂದ ಕೆಂಗಂದು ಬಣ್ಣ ಮತ್ತು ಮೈ ತುಂಬಿದ ರುಚಿ.

ಈ ಕಿಣ್ವವನ್ನು ಯಾವಾಗ ಎಬ್ಬಿಸಬೇಕು, ಎಷ್ಟು ಹೊತ್ತು ಓಡಲು ಬಿಡಬೇಕು, ಯಾವಾಗ ಬಿಸಿ ತಾಗಿಸಿ ನಿಲ್ಲಿಸಬೇಕು? ಚಹಾ ತಯಾರಿಕೆಯ ವಿದ್ಯೆಯೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ಇದೆ.

ಆರು ದಾರಿ

*ಹಸಿರು:* ಕಿಣ್ವ ಏಳುವ ಮೊದಲೇ ಅದನ್ನು ಬಿಸಿಯಿಂದ ಅಡಗಿಸುತ್ತಾರೆ. ಚೀನಾದಲ್ಲಿ ಹುರಿಯುತ್ತಾರೆ, ಜಪಾನಿನಲ್ಲಿ ಹಬೆಗೆ ಹಿಡಿಯುತ್ತಾರೆ. ಹಾಂಗ್‌ಝೌ ಬಳಿಯ ಪ್ರಸಿದ್ಧ ಲೋಂಗ್‌ಜಿಂಗ್ ಚಹಾದ ಎಲೆಯನ್ನು ಕಾದ ಬಾಣಲೆಗೆ ಅಂಗೈಯಿಂದ ಒತ್ತಿ ಒತ್ತಿ ಚಪ್ಪಟೆ ಮಾಡುವುದು ಸಾಂಪ್ರದಾಯಿಕ ಕೈಕೆಲಸ. ಹುರಿದದ್ದಕ್ಕೆ ಕಡಲೆ ಹುರಿದಂಥ ಪರಿಮಳ, ಹಬೆಗೆ ಹಿಡಿದದ್ದಕ್ಕೆ ಸೊಪ್ಪಿನ ತಾಜಾತನ. ಜಪಾನಿನ ಮಾಚಾ ಇನ್ನೊಂದು ಹೆಜ್ಜೆ ಮುಂದೆ. ಕೊಯ್ಲಿಗೆ ಸುಮಾರು ಮೂರು ವಾರ ಮೊದಲೇ ಗಿಡಗಳಿಗೆ ನೆರಳು ಹೊದಿಸುತ್ತಾರೆ. ಬಿಸಿಲು ಕಾಣದ ಎಲೆಯಲ್ಲಿ ಪತ್ರಹರಿತ್ತು ಹೆಚ್ಚುತ್ತದೆ, ಸಿಹಿ ಸವಿ ಕೊಡುವ ಥಿಯಾನಿನ್ ಉಳಿಯುತ್ತದೆ. ಒಣಗಿದ ಮೇಲೆ ದಂಟು, ನರ ತೆಗೆದು ಬೀಸುವ ಕಲ್ಲಿನಲ್ಲಿ ನುಣ್ಣಗೆ ಪುಡಿ ಮಾಡುತ್ತಾರೆ.

*ಬಿಳಿ:* ಹುರಿಯುವುದಿಲ್ಲ, ಹೊಸೆಯುವುದಿಲ್ಲ. ಬಾಡಿಸಿ ಒಣಗಿಸುತ್ತಾರೆ, ಅಷ್ಟೇ. ಚೀನಾದ ಫುಜಿಯಾನ್ ಪ್ರಾಂತದ ಫುಡಿಂಗ್ ಇದರ ತವರು. ಬೆಳ್ಳಿ ಬಣ್ಣದ ನವಿರು ರೋಮ ಮುಚ್ಚಿದ ಮೊಗ್ಗುಗಳನ್ನು ಮಾತ್ರ ಆರಿಸಿ ಮಾಡಿದ್ದು ಬೆಳ್ಳಿಸೂಜಿ ಚಹಾ. ಕೆಲಸ ಕಡಿಮೆ ಎನಿಸಿದರೂ ಇದು ಸಲೀಸಲ್ಲ, ಏಕೆಂದರೆ ತಪ್ಪು ಮುಚ್ಚಿಡಲು ಮುಂದಿನ ಹಂತವೇ ಇಲ್ಲ.

*ಹಳದಿ:* ಹಸಿರು ಚಹಾದಂತೆಯೇ ಆರಂಭಿಸಿ, ಬೆಚ್ಚಗಿನ ತೇವದ ಎಲೆಯನ್ನು ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ ಇಡುತ್ತಾರೆ. ಒಳಗಿನ ಸೆಖೆಗೆ ಎಲೆ ಹಳದಿ ತಿರುಗಿ, ಹಸಿ ವಾಸನೆ ಅಡಗಿ, ರುಚಿ ಮೆತ್ತಗಾಗುತ್ತದೆ. ಹುನಾನ್ ಪ್ರಾಂತದ ಡೊಂಗ್‌ಟಿಂಗ್ ಸರೋವರದ ದ್ವೀಪದಲ್ಲಿ ಬೆಳೆಯುವ ಜುನ್‌ಶಾನ್ ಇದಕ್ಕೆ ಹೆಸರಾದದ್ದು. ಚೀನಾದ ಆಚೆ ಇದು ಸಿಗುವುದು ಅಪರೂಪ.

*ಊಲಾಂಗ್:* ಆರರಲ್ಲಿ ಅತಿ ಹೆಚ್ಚು ಕೈಚಳಕ ಬೇಡುವುದು ಇದು. ಎಲೆಯನ್ನು ಬಿದಿರಿನ ಮೊರದಲ್ಲಿ ಕೇರುತ್ತಾ ಅಂಚುಗಳನ್ನಷ್ಟೇ ಜಜ್ಜುತ್ತಾರೆ. ಅಂಚು ಕೆಂಪಾಗುತ್ತದೆ, ನಡು ಹಸಿರಾಗಿಯೇ ಉಳಿಯುತ್ತದೆ. ಕೇರುವುದು, ಸುಮ್ಮನಿಡುವುದು, ಮತ್ತೆ ಕೇರುವುದು ರಾತ್ರಿಯಿಡೀ ನಡೆಯುತ್ತದೆ. ಬೇಗ ನಿಲ್ಲಿಸಿದರೆ ಹೂವಿನ ಪರಿಮಳದ ತಿಳಿ ಊಲಾಂಗ್, ತಡವಾಗಿ ನಿಲ್ಲಿಸಿದರೆ ವುಯಿ ಬೆಟ್ಟಗಳಲ್ಲಿ ಸಿಗುವ ಕಡುಗಂದು ಬಣ್ಣದ್ದು.

*ಕಪ್ಪು:* ಇಲ್ಲಿ ಕಿಣ್ವಕ್ಕೆ ಪೂರ್ತಿ ಸ್ವಾತಂತ್ರ್ಯ. ಎಲೆಯನ್ನು 12ರಿಂದ 18 ಗಂಟೆ ಬಾಡಿಸಿ, ಯಂತ್ರದ ತಟ್ಟೆಗಳ ನಡುವೆ ಹೊಸೆದು, ತಂಪಾದ ತೇವದ ಕೋಣೆಯಲ್ಲಿ ತೆಳ್ಳಗೆ ಹರಡುತ್ತಾರೆ. ಹಸಿರೆಲೆ ತಾಮ್ರದ ಬಣ್ಣ ತಾಳಿ, ಪರಿಮಳ ಏರಿದ ಗಳಿಗೆಗೆ ಬಿಸಿಗಾಳಿಯ ಒಣಗು ಯಂತ್ರಕ್ಕೆ ಸುರಿಯುತ್ತಾರೆ. ಆ ಗಳಿಗೆಯನ್ನು ಗುರುತಿಸುವುದು ಇಂದಿಗೂ ಅನುಭವಿಯ ಮೂಗು.

*ಪು-ಅರ್:* ಯುನ್ನಾನ್ ಪ್ರಾಂತದ ಈ ಚಹಾದಲ್ಲಿ ಕಿಣ್ವದ ಜೊತೆ ಸೂಕ್ಷ್ಮಾಣುಗಳೂ ದುಡಿಯುತ್ತವೆ. ಎಲೆಯನ್ನು ಬಿಲ್ಲೆಗಳಾಗಿ ಒತ್ತಿ ವರ್ಷಗಟ್ಟಲೆ ಹಳೆಯದಾಗಿಸುವುದು ಸಂಪ್ರದಾಯ. ಅಷ್ಟು ಕಾಯಲಾಗದವರಿಗಾಗಿ 1970ರ ದಶಕದಲ್ಲಿ ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಕೆಲವೇ ವಾರಗಳಲ್ಲಿ ಮಾಗಿಸುವ ವಿಧಾನ ಬಂತು. ಮಳೆ ಬಿದ್ದ ಕಾಡುಮಣ್ಣಿನ ವಾಸನೆ ಇದರ ಗುರುತು.

ದಾಸವಾಳ, ಪುದೀನ, ನಿಂಬೆಹುಲ್ಲಿನ ಪೊಟ್ಟಣಗಳಿಗೂ ಚಹಾ ಎಂಬ ಹೆಸರು ಅಂಟಿದೆ. ಅವುಗಳಲ್ಲಿ ಚಹಾ ಎಲೆ ಇರುವುದಿಲ್ಲ. ನಮ್ಮ ಮನೆಗಳ ಲೆಕ್ಕದಲ್ಲಿ ಅವು ಕಷಾಯ.

---
ಚೌಕಟ್ಟು: ಅಂಕಿಗಳಲ್ಲಿ ಚಹಾ

• ಹಸಿರೆಲೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ತಯಾರಾದ ಚಹಾದಲ್ಲಿ ಉಳಿಯುವುದು ಸುಮಾರು ಶೇ 3 ಮಾತ್ರ.

• 1 ಕಿಲೋ ಚಹಾ ಪುಡಿಗೆ ಬೇಕಾದ ಹಸಿರೆಲೆ 4ರಿಂದ 5 ಕಿಲೋ.

• ಭಾರತದ ವಾರ್ಷಿಕ ಉತ್ಪಾದನೆ 130 ಕೋಟಿ ಕಿಲೋ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಅಸ್ಸಾಮಿನದು.

• ಇದರಲ್ಲಿ ಐದನೇ ನಾಲ್ಕು ಪಾಲನ್ನು ಭಾರತೀಯರೇ ಕುಡಿಯುತ್ತಾರೆ.

• ಅಂತರರಾಷ್ಟ್ರೀಯ ಚಹಾ ದಿನವನ್ನು ವಿಶ್ವಸಂಸ್ಥೆಯ ಮಹಾಸಭೆ ಘೋಷಿಸಿದ್ದು 2019ರಲ್ಲಿ.
---

ಅಸ್ಸಾಮಿನ ಯಂತ್ರ, ನಮ್ಮ ಲೋಟ

ಅಸ್ಸಾಮಿನ ಸಿಂಗ್ಫೋ ಜನ ಬ್ರಿಟಿಷರು ಬರುವ ಮೊದಲೇ ಚಹಾ ಕುಡಿಯುತ್ತಿದ್ದರು. ಹುರಿದ ಎಲೆಯನ್ನು ಬಿದಿರಿನ ಅಂಡೆಗೆ ಗಿಡಿದು, ಒಲೆಯ ಮೇಲಿನ ಹೊಗೆಯಲ್ಲಿ ಇಟ್ಟು ಒಣಗಿಸುವ ಅವರ ಪದ್ಧತಿ ಈಗಲೂ ಜೀವಂತವಾಗಿದೆ. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವ್ಯಾಪಾರಿಗೆ ಆ ಕಾಡುಗಿಡದ ಸುಳಿವು ಸಿಕ್ಕಿದ್ದು ಸಿಂಗ್ಫೋ ಮುಖಂಡ ಬೀಸಾ ಗಾಮ್ ಮೂಲಕ. 1839ರ ಜನವರಿಯಲ್ಲಿ ಅಸ್ಸಾಂ ಚಹಾದ ಮೊದಲ ಎಂಟು ಪೆಟ್ಟಿಗೆಗಳು ಲಂಡನ್ನಿನಲ್ಲಿ ಹರಾಜಾದವು.

ಮುಂದಿನ ಸುಮಾರು ನೂರು ವರ್ಷ ಭಾರತದ ಚಹಾ ಎಂದರೆ ಹೊಸೆದ ಎಲೆಯ ಚಹಾ. ಇದಕ್ಕೆ ಉದ್ಯಮದಲ್ಲಿ ಆರ್ಥಡಾಕ್ಸ್ ಎಂದು ಹೆಸರು. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಯಂತ್ರ ಚಿತ್ರವನ್ನೇ ಬದಲಿಸಿತು. ಮೈತುಂಬ ಹರಿತ ಹಲ್ಲುಗಳಿರುವ ಎರಡು ಉರುಳೆಗಳು ಎದುರುಬದುರಾಗಿ ತಿರುಗುತ್ತವೆ. ಒಂದು ನಿಧಾನ, ಇನ್ನೊಂದು ಅದರ ಹತ್ತು ಪಟ್ಟು ವೇಗ. ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಗೊಂಡು ಹೊರಬೀಳುತ್ತದೆ. ಕ್ರಷ್, ಟೇರ್, ಕರ್ಲ್ ಎಂಬ ಮೂರು ಕ್ರಿಯೆಗಳ ಮೊದಲಕ್ಷರಗಳೇ ಪೊಟ್ಟಣದ ಮೇಲಿನ ಸಿಟಿಸಿ.

ಸಿಟಿಸಿಯಲ್ಲಿ ಎಲೆಯ ಕೋಶಗಳು ಹೆಚ್ಚುಕಡಿಮೆ ಎಲ್ಲವೂ ಒಡೆಯುತ್ತವೆ. ಹಾಗಾಗಿ ಬಣ್ಣ ಬೇಗ ಬರುತ್ತದೆ, ಒಂದು ಕಿಲೋ ಪುಡಿಗೆ ಹೆಚ್ಚು ಲೋಟ ಸಿಗುತ್ತದೆ, ಹಾಲು ಸಕ್ಕರೆ ಎಷ್ಟು ಬಿದ್ದರೂ ರುಚಿ ಮುಳುಗುವುದಿಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಚಹಾ ಕಂಪನಿಗಳ ಸಂಘಟನೆಗಳು ರೈಲು ನಿಲ್ದಾಣ, ಗಿರಣಿ, ಸಂತೆಗಳಲ್ಲಿ ಪ್ರಚಾರ ನಡೆಸಿ ಕುಡಿಯುವ ಅಭ್ಯಾಸ ಹುಟ್ಟಿಸಿದ್ದವು. ಸ್ವಾತಂತ್ರ್ಯದ ನಂತರ ಅಗ್ಗದ ಸಿಟಿಸಿ ಆ ಅಭ್ಯಾಸವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಇಂದು ಭಾರತದ ಚಹಾದಲ್ಲಿ ಸುಮಾರು ಶೇ 90 ಸಿಟಿಸಿ.

ಜರಡಿ ಹಿಡಿದಾಗ ಕೊನೆಗೆ ಇಳಿಯುವ ನುಣುಪು ಕಣಗಳಿಗೆ ಡಸ್ಟ್ ಎನ್ನುತ್ತಾರೆ. ಇದು ನೆಲ ಗುಡಿಸಿದ ದೂಳು ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಡಸ್ಟ್ ಎಂಬುದು ಕಣದ ಗಾತ್ರದ ಲೆಕ್ಕ. ಒಳ್ಳೆಯ ತೋಟದ ಡಸ್ಟ್ ಹರಾಜಿನಲ್ಲಿ ಒಳ್ಳೆಯ ಬೆಲೆಗೇ ಹೋಗುತ್ತದೆ. ದಕ್ಷಿಣ ಭಾರತದ ಹೋಟೆಲುಗಳಿಗೆ ಇದೇ ಅಚ್ಚುಮೆಚ್ಚು. ಬಟ್ಟೆಯ ಸೋಸುಚೀಲಕ್ಕೆ ಪುಡಿ ಹಾಕಿ ಮೇಲಿನಿಂದ ಕುದಿನೀರು ಹೊಯ್ದರೆ ಅರೆಕ್ಷಣದಲ್ಲಿ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ.

ಹುಳು ಕಚ್ಚಿದ ಎಲೆಗೆ ಹೆಚ್ಚು ಬೆಲೆ

ಡಾರ್ಜಿಲಿಂಗಿನ ಕಥೆ ಬೇರೆ. ಅಲ್ಲಿ ಸಿಟಿಸಿಗೆ ಜಾಗವಿಲ್ಲ, ವರ್ಷದ ಉತ್ಪಾದನೆ 1 ಕೋಟಿ ಕಿಲೋ ಕೂಡ ದಾಟದು. ಚಳಿಗಾಲದ ನಿದ್ದೆ ಮುಗಿಸಿದ ಗಿಡ ಮಾರ್ಚ್‌ನಲ್ಲಿ ಕೊಡುವ ಚಿಗುರು ‘ಫಸ್ಟ್ ಫ್ಲಷ್’. ತಿಳಿ ಬಂಗಾರದ ಬಣ್ಣ, ಹೂವಿನ ಘಮ. ಮೇ–ಜೂನ್‌ನ ಎರಡನೇ ಚಿಗುರು ಇನ್ನೂ ವಿಶೇಷ. ಜಿಗಿಹುಳು, ಥ್ರಿಪ್ಸ್‌ನಂಥ ಪುಟ್ಟ ಕೀಟಗಳು ಎಲೆಯ ರಸ ಹೀರುತ್ತವೆ. ಗಾಯಗೊಂಡ ಗಿಡ ತನ್ನ ರಕ್ಷಣೆಗೆ ಸುಗಂಧದ ರಾಸಾಯನಿಕಗಳನ್ನು ಒಸರುತ್ತದೆ. ಮಾಗಿದ ದ್ರಾಕ್ಷಿಯನ್ನು ನೆನಪಿಸುವ ‘ಮಸ್ಕಟೆಲ್’ ಪರಿಮಳಕ್ಕೆ ಇದರ ಕೊಡುಗೆ ದೊಡ್ಡದು. ತೈವಾನಿನ ‘ಓರಿಯಂಟಲ್ ಬ್ಯೂಟಿ’ ಊಲಾಂಗಿನ ಹಿಂದೆಯೂ ಇಂಥದೇ ಹುಳುವಿನ ಕೈವಾಡ. ಕೀಟನಾಶಕ ಹೊಡೆದರೆ ಆ ಪರಿಮಳವೇ ಇಲ್ಲ.

2004ರಲ್ಲಿ ಭಾರತದ ಮೊದಲ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ದಕ್ಕಿದ್ದು ಡಾರ್ಜಿಲಿಂಗ್ ಚಹಾಕ್ಕೆ. ಆ ಹೆಸರು ಬಳಸುವ ಹಕ್ಕು ಗುರುತಿಸಿದ 87 ತೋಟಗಳಿಗೆ ಮಾತ್ರ.

ನೀಲಗಿರಿಯ ತಿಳಿನೀರು

ಕನ್ನಡ ನಾಡಿಗೆ ಹತ್ತಿರದ ದೊಡ್ಡ ಚಹಾ ಸೀಮೆ ನೀಲಗಿರಿ. ಇಲ್ಲಿ ವಾಣಿಜ್ಯ ತೋಟಗಳು ಎದ್ದದ್ದು 1859ರ ಆಸುಪಾಸಿನಲ್ಲಿ, ಥಯಾಶೋಲದಂಥ ಕಡೆ. ಎರಡು ಮುಂಗಾರುಗಳ ಮಳೆ ಸಿಗುವುದರಿಂದ ವರ್ಷವಿಡೀ ಕೊಯ್ಲು ಉಂಟು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ರಾತ್ರಿಯ ಚಳಿ ಸೊನ್ನೆಗೆ ಇಳಿದಾಗ ಗಿಡದ ಬೆಳವಣಿಗೆ ಕುಂಠಿತವಾಗಿ ಪರಿಮಳ ಮಡುಗಟ್ಟುತ್ತದೆ. ಆಗಿನ ಎಲೆಯಿಂದ ಮಾಡಿದ ‘ಫ್ರಾಸ್ಟ್ ಟೀ’ ನೀಲಗಿರಿಯ ಹೆಮ್ಮೆ.

ಅಸ್ಸಾಂ ಚಹಾದ ಡಿಕಾಕ್ಷನ್ ಫ್ರಿಜ್ಜಿನಲ್ಲಿಟ್ಟರೆ ಕದಡಿದಂತಾಗುತ್ತದೆ. ಕೆಫೀನ್ ಮತ್ತು ಥಿಯಾಫ್ಲೇವಿನ್ ತಂಪಿಗೆ ಜೊತೆಗೂಡಿ ಗರಣೆಗಟ್ಟುವುದೇ ಕಾರಣ. ನೀಲಗಿರಿ ಚಹಾ ತಣಿದ ಮೇಲೂ ತಿಳಿಯಾಗಿಯೇ ಉಳಿಯುತ್ತದೆ. ಐಸ್ ಟೀ ಮಾಡುವವರು ಇದನ್ನು ಹುಡುಕಿ ಕೊಳ್ಳುವುದು ಇದಕ್ಕಾಗಿ.

ಈ ಬೆಟ್ಟಗಳ ಸಣ್ಣ ಬೆಳೆಗಾರರಲ್ಲಿ ದೊಡ್ಡ ಪಾಲು ಬಡಗರದು. ಅವರ ಬಡಗ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳನ್ನು ಒಂದೊಂದಾಗಿ ಚಹಾಕ್ಕೆ ತಿರುಗಿಸಿದವರು ಅವರು. ಕರ್ನಾಟಕದೊಳಗೂ ಕಾಫಿಯ ನಡುವೆ ಚಹಾ ಇದೆ: ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾ ತೋಟಗಳು ಇಂದಿಗೂ ಎಲೆ ಕೊಯ್ಯುತ್ತಿವೆ.

ಕುದಿಸಬೇಕೋ, ನೆನೆಸಬೇಕೋ?

ಎಲೆ ಎಷ್ಟು ಒಡೆದಿದೆ, ಗಾಳಿಗೆ ಎಷ್ಟು ಮಾಗಿದೆ ಎಂಬುದೇ ಉತ್ತರ. ಸಿಟಿಸಿ ಒಡೆದ ಎಲೆ; ಹಾಲು ಶುಂಠಿ ಏಲಕ್ಕಿಯೊಡನೆ ಕುದಿಯಲೆಂದೇ ಒದಗಿಬಂದದ್ದು. ಹಾಲಿನ ಕೇಸೀನ್ ಪ್ರೋಟೀನು ಒಗರು ಪದಾರ್ಥಗಳನ್ನು ಹಿಡಿದಿಟ್ಟು ನಾಲಿಗೆಗೆ ಮೃದುವಾಗಿಸುತ್ತದೆ. ಹಾಗಾಗಿ ಖಡಕ್ ಚಹಾಕ್ಕೆ ಹಾಲು ಬೆರೆಸುವುದರಲ್ಲಿ ಅಭಿರುಚಿಯ ಕೊರತೆ ಏನೂ ಇಲ್ಲ, ಅದು ಸರಿಯಾದ ಜೋಡಿ.

ಹಸಿರು ಚಹಾದಲ್ಲಿ ಕ್ಯಾಟೆಚಿನ್‌ಗಳು ಬದಲಾಗದೆ ಹಾಗೇ ಇರುತ್ತವೆ. ಕುದಿನೀರು ಬಿದ್ದರೆ ಅವೆಲ್ಲ ಒಮ್ಮೆಗೇ ಬಿಟ್ಟುಕೊಂಡು ಕಹಿಯಾಗುತ್ತದೆ. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಡು ಮೂರು ಸಲ ಹೊಯ್ದರೆ ಬಿಸಿ ಬೇಕಾದಷ್ಟು ಇಳಿಯುತ್ತದೆ. ಎಲೆಯ ಮೇಲೆ ಅದನ್ನು ಸುರಿದು, ಎರಡು ನಿಮಿಷಕ್ಕೆ ಸೋಸಿಬಿಡಬೇಕು. ಎಲೆಯನ್ನು ಲೋಟದಲ್ಲೇ ಬಿಟ್ಟು ಕುಡಿಯುವುದರಿಂದ ಬಹುಮಂದಿಗೆ ಗ್ರೀನ್ ಟೀ ಎಂದರೆ ಕಹಿ ಎಂಬ ಭಾವನೆ ಬಂದಿದೆ.

ಊಲಾಂಗ್ ಮತ್ತು ಪು-ಅರ್ ಎಲೆಯನ್ನು ಒಂದೇ ಸಲಕ್ಕೆ ಚೆಲ್ಲುವಂತಿಲ್ಲ. ಚಿಕ್ಕ ಪಾತ್ರೆಗೆ ಹೆಚ್ಚು ಎಲೆ, ಅರ್ಧ ನಿಮಿಷದ ನೆನೆಸು, ಮತ್ತೆ ಬಿಸಿನೀರು. ಐದಾರು ಸುತ್ತು ಬರುತ್ತದೆ, ಪ್ರತಿ ಸುತ್ತಿಗೂ ರುಚಿ ಬೇರೆ.

ಕಾಶ್ಮೀರದ ಗುಲಾಬಿ ಬಣ್ಣದ ನೂನ್ ಚಾಯ್ ಇದಕ್ಕೆಲ್ಲ ತದ್ವಿರುದ್ಧ. ಹಸಿರು ಎಲೆಯನ್ನೇ ಅಡುಗೆ ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಸೌಟಿನಿಂದ ಎತ್ತಿ ಎತ್ತಿ ಹೊಯ್ದು ಗಾಳಿ ಆಡಿಸುತ್ತಾರೆ. ಕ್ಷಾರಕ್ಕೂ ಗಾಳಿಗೂ ನೀರು ಕಡುಗೆಂಪಾಗುತ್ತದೆ. ಹಾಲು ಬಿದ್ದೊಡನೆ ಗುಲಾಬಿ. ಕಾರ್ಖಾನೆಯಲ್ಲಿ ಕಿಣ್ವ ಮಾಡಬೇಕಿದ್ದ ಕೆಲಸವನ್ನು ಅಲ್ಲಿನ ಗೃಹಿಣಿಯರು ಒಲೆಯ ಮೇಲೆ ಸೋಡಾದಿಂದ ಮಾಡಿಸುತ್ತಾರೆ.

ನೀರಿನ ಪಾತ್ರವೂ ಸಣ್ಣದಲ್ಲ. ಗಡಸು ನೀರಿನಲ್ಲಿ ಮಾಡಿದ ಚಹಾದ ಮೇಲೆ ತೆಳು ಕೆನೆಯಂಥ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಬೆಂಗಳೂರಿನಲ್ಲಿ ಒಂದೇ ಪುಡಿಯಿಂದ ಕೊಳವೆಬಾವಿ ನೀರಿನಲ್ಲೊಮ್ಮೆ, ಕಾವೇರಿ ನೀರಿನಲ್ಲೊಮ್ಮೆ ಮಾಡಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಕೂನೂರಿನಲ್ಲಿ ಸುಮಾರು 94ಕ್ಕೆ ಕುದಿಯುತ್ತದೆ.

---
ಚೌಕಟ್ಟು: ಯಾವುದಕ್ಕೆ ಎಷ್ಟು ಬಿಸಿ, ಎಷ್ಟು ಹೊತ್ತು?

(ಒಂದು ಲೋಟ ನೀರಿಗೆ ಸುಮಾರು 2 ಗ್ರಾಂ ಎಲೆ)

• ಹಸಿರು: 70–80 ಡಿಗ್ರಿ, 1–2 ನಿಮಿಷ

• ಬಿಳಿ: 75–85 ಡಿಗ್ರಿ, 3–5 ನಿಮಿಷ

• ಊಲಾಂಗ್: 85–95 ಡಿಗ್ರಿ, 2–3 ನಿಮಿಷ

• ಡಾರ್ಜಿಲಿಂಗ್ ಫಸ್ಟ್ ಫ್ಲಷ್: 85–90 ಡಿಗ್ರಿ, 3 ನಿಮಿಷ, ಹಾಲು ಬೇಡ

• ಎಲೆ ರೂಪದ ಕಪ್ಪು ಚಹಾ: ಆಗಷ್ಟೇ ಕುದಿದ ನೀರು, 3–5 ನಿಮಿಷ

• ಸಿಟಿಸಿ: ನೀರಿನಲ್ಲಿ ಕುದಿಸಿ, ಹಾಲು ಸೇರಿಸಿ ಇನ್ನೊಂದು ಕುದಿ

• ಊಟದ ಜೊತೆಯಲ್ಲೇ ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ನಡುವೆ ಒಂದು ಗಂಟೆ ಬಿಡುವುದು ಒಳ್ಳೆಯದು.
---

ಬೆಲೆ ಯಾರ ಕೈಗೆ?

ರುಚಿಯ ಈ ವಿಚಾರ ಕುಡಿಯುವವರ ಮನೆಯಲ್ಲೇ ಮುಗಿಯುವುದಿಲ್ಲ. ಭಾರತದ ಚಹಾದಲ್ಲಿ ಅರ್ಧಕ್ಕೂ ಹೆಚ್ಚು ಈಗ ಬರುತ್ತಿರುವುದು ಸಣ್ಣ ಬೆಳೆಗಾರರ ಹಿಡುವಳಿಗಳಿಂದ. ಅವರಲ್ಲಿ ಹೆಚ್ಚಿನವರಿಗೆ ಸ್ವಂತ ಕಾರ್ಖಾನೆ ಇಲ್ಲ. ಕೊಯ್ದ ಎಲೆ ಕೆಲವೇ ಗಂಟೆಗಳಲ್ಲಿ ಕೆಡುವುದರಿಂದ ಹೇಳಿದ ಬೆಲೆಗೆ ಕೊಡದೆ ಗತಿಯಿಲ್ಲ. ನೀಲಗಿರಿಯ ಪುಡಿಯನ್ನು ಸೋವಿಯತ್ ಒಕ್ಕೂಟ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿತ್ತು. 1991ರಲ್ಲಿ ಒಕ್ಕೂಟ ಕುಸಿದ ಮೇಲೆ ಆ ಗಟ್ಟಿ ಮಾರುಕಟ್ಟೆ ಅಲುಗಾಡಿತು. ದಶಕದ ಕೊನೆಗೆ ಹಸಿರೆಲೆಯ ಬೆಲೆ ನೆಲಕಚ್ಚಿ, ಬಡಗರ ಹಟ್ಟಿಗಳಿಂದ ಎಷ್ಟೋ ಯುವಕರು ಕೆಲಸ ಹುಡುಕಿ ಕೊಯಮತ್ತೂರು, ಬೆಂಗಳೂರಿಗೆ ಇಳಿದರು.

ಬೆಲೆ ಕುಸಿದಾಗ ಎಲೆಯ ಗುಣವೂ ಕುಸಿಯುತ್ತದೆ. ಎರಡು ಎಲೆ ಒಂದು ಮೊಗ್ಗು ಆರಿಸುವುದಕ್ಕೆ ಹೊತ್ತು ಬೇಕು, ಕೂಲಿ ಬೇಕು. ತೂಕಕ್ಕಷ್ಟೇ ಹಣ ಸಿಗುವಾಗ ಬಲಿತ ನಾಲ್ಕನೇ ಎಲೆಯೂ ಚೀಲಕ್ಕೆ ಬೀಳುತ್ತದೆ, ಕೈ ಇದ್ದಲ್ಲಿ ಕತ್ತರಿ ಬರುತ್ತದೆ. ಒರಟು ಎಲೆಯಿಂದ ಮಾಡಿದ ಪುಡಿಗೆ ಬೆಲೆ ಇನ್ನೂ ಕಡಿಮೆ. ಬೆಳೆಗಾರ ಈ ಸುಳಿಯಿಂದ ಹೊರಬರಲು ಇರುವ ಒಂದು ದಾರಿ, ತನ್ನ ಎಲೆಯನ್ನು ತಾನೇ ಬಾಡಿಸಿ, ಹೊಸೆದು, ಒಣಗಿಸುವುದು. ಕೋಟಗಿರಿ, ಕೂನೂರು ಸುತ್ತಮುತ್ತ ಮತ್ತು ಅಸ್ಸಾಮಿನ ಹಲವೆಡೆ ಚಿಕ್ಕ ಯಂತ್ರಗಳಿಂದ ಬಿಳಿ, ಹಸಿರು, ಊಲಾಂಗ್ ಚಹಾ ಮಾಡುವ ಪುಟ್ಟ ಘಟಕಗಳು ಎದ್ದಿವೆ. ಅಲ್ಲಿ ಒಂದು ಕಿಲೋ ಚಹಾಕ್ಕೆ ಸಿಗುವ ಹಣ, ಅದಕ್ಕೆ ಬೇಕಾಗುವ ಎಲೆಯನ್ನು ಹಸಿಯಾಗಿ ಮಾರಿದರೆ ಬರುವುದಕ್ಕಿಂತ ಹಲವು ಪಟ್ಟು ಹೆಚ್ಚು.

ಅವರ ಸರಕಿಗೆ ಜಾಹೀರಾತಿನ ಬಲವಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡಬೇಕಾದದ್ದು ಮೂರು ವಿವರ: ಯಾವ ತೋಟದ್ದು, ಯಾವ ತಿಂಗಳ ಕೊಯ್ಲು, ಆರ್ಥಡಾಕ್ಸೋ ಸಿಟಿಸಿಯೋ. ಹಸಿರು ಚಹಾ ಕೊಯ್ಲಾದ ಒಂದು ವರ್ಷದೊಳಗೆ ಮುಗಿಯಬೇಕು. ಚೆನ್ನಾಗಿ ಮಾಡಿದ ಬಿಳಿ ಚಹಾ, ಪು-ಅರ್ ವರ್ಷಗಟ್ಟಲೆ ತಾಳುತ್ತವೆ. ಮೊದಲ ಸಲಕ್ಕೆ 50 ಗ್ರಾಂ ಸಾಕು. ಅಷ್ಟರಲ್ಲಿ ಇಪ್ಪತ್ತು ಲೋಟಕ್ಕೂ ಹೆಚ್ಚು ಚಹಾ ಆಗುತ್ತದೆ, ನೀರಿನ ಬಿಸಿಯನ್ನೂ ನೆನೆಸುವ ಹೊತ್ತನ್ನೂ ಬದಲಿಸಿ ನೋಡಲು ಬೇಕಾದಷ್ಟು ಅವಕಾಶ ಸಿಗುತ್ತದೆ.